ಕೌದಿಯ ಮೇಲಿನ ತಾಳಪೆಟ್ಟಿಗೆ

ಎಡಕ್ಕಿದ್ದ ಕಡ್ಡಿ ಬಲಕ್ಕೆ ಹೋಗದೆಯೇ ಮತ್ತೆ ಎಡಕ್ಕೆ ಬಿದ್ದದ್ದನ್ನು ಕಾಸಿಮಸಾಬ ಕಣ್ಣಾರೆ ಕಂಡ. ನಿದ್ದೆಗಣ್ಣೇನೂ ಅಲ್ಲ. ಬೆಳಗಿನ ನಮಾಜು ಮುಗಿಸಿ ಬಂದು, ಗೋಡೆಗೆ ಒರಗಿ, ಚಹಾದ ಕಪ್ಪು ಹಿಡಿದುಕೊಂಡು, ಎದುರಿಗೆ ಟಕ್ ಟಕ್ ಎನ್ನುತ್ತಿದ್ದ ತಾಳದ ಪೆಟ್ಟಿಗೆಯನ್ನು ನೋಡುತ್ತ ಕೂತಿದ್ದ. ಮೇಲಮೇಲಕ್ಕೆ ಕಿರಿದಾಗುತ್ತ ಹೋಗುವ ಮರದ ಪೆಟ್ಟಿಗೆ. ಹೊಟ್ಟೆಯೊಳಗೆ ಗಡಿಯಾರದಂತೆ ಸ್ಪ್ರಿಂಗು. ಮುಂದೆ ಒಂದು ಉಕ್ಕಿನ ಕಡ್ಡಿ. ಕೀಲಿ ಕೊಟ್ಟು ಬಿಟ್ಟರೆ ಕಡ್ಡಿ ಎಡಕ್ಕೂ ಬಲಕ್ಕೂ ಆಡುತ್ತ, ಪ್ರತಿ ಮಗ್ಗುಲಿಗೂ ಒಂದು ಟಕ್ ಹಾಕುತ್ತ, ಸ್ಪ್ರಿಂಗು ಸಡಿಲಾಗುವ ತನಕ ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ. ಅಂಥ ಕಡ್ಡಿ ನಡುವಿನ ದಾರಿಯನ್ನೇ ನುಂಗಿತ್ತು. ಎಡಕ್ಕಿತ್ತು, ಮತ್ತೆ ನೋಡಿದರೆ ಎಡಕ್ಕೇ ಇತ್ತು. ಎರಡು ಟಕ್ಕುಗಳು ಒಂದರ ಹಿಮ್ಮಡಿಯನ್ನು ಇನ್ನೊಂದು ತುಳಿದಂತೆ ಬಿದ್ದವು. ಕಪ್ಪನ್ನು ಕೆಳಗಿಟ್ಟು ಎದ್ದು ನೋಡೋಣವೆಂದರೆ ಕಪ್ಪು ಕೈಯಲ್ಲಿರಲಿಲ್ಲ. ಅದು ಆಚೆ ಬಾಗಿಲ ಹತ್ತಿರ, ಬಸಿಯ ಮೇಲೆ ನೆಟ್ಟಗೆ ಕೂತಿತ್ತು. ಅರ್ಧ ಚಹಾ ಹಾಗೇ ಇತ್ತು. ತಾನೇ ಇಟ್ಟಿರಬೇಕು, ವಯಸ್ಸಾಯಿತಲ್ಲ, ಎಂದುಕೊಂಡ.

ಪೆಟ್ಟಿಗೆ ಕೆಟ್ಟಿದೆ ಎಂದು ತಿಳಿದು ಅವನಿಗೆ ಒಳಗೊಳಗೇ ಹಿಗ್ಗಾಯಿತು ಎಂದರೆ ಸುಳ್ಳಲ್ಲ. ತನ್ನ ಜಾಗಕ್ಕೆ ಬಂದವನು ಕುಡುಕನೆಂದು ತಿಳಿದ ನೌಕರನಿಗೆ ಆಗುವ ಹಿಗ್ಗು ಅದು. ಮಗಳು ಸಿತಾರಾ ಹಾಡುವಾಗ ಅವಳ ಬಲಮಗ್ಗುಲಿಗೆ ತಬಲಾ ಇಟ್ಟುಕೊಂಡು ಕೂರುವ ಜಾಗ ಅವನದು. ಅವಳು ಮೊದಲು ಸ್ವರ ಹಚ್ಚಿದ ದಿನದಿಂದ ಅಲ್ಲಿ ಬೇರೆ ಯಾರೂ ಕೂತಿಲ್ಲ. ರಮಜಾನು ಮುಗಿದ ಮೇಲೆ, ಗ್ರಾಮಫೋನಿನ ತಟ್ಟೆ ಮಾಡುವ ಮುಂಬಯಿಯ ತಬಕಡಿ ಕಂಪನಿಯವನೊಬ್ಬ ಹೊಸ ಕಂಠಗಳನ್ನು ಹುಡುಕುತ್ತ ಹುಬ್ಬಳ್ಳಿಗೆ ಬಂದು, ಸ್ಟೇಷನ್ನಿನ ಹತ್ತಿರದ ಒಂದು ಅಟ್ಟದ ಮೇಲೆ ಇಳಿದುಕೊಂಡಿದ್ದ. ಸಿತಾರಾ ಹಾಡಿದಳು, ಇವನು ಬಾರಿಸಿದ. ಕಂಪನಿಯವನು ಕಣ್ಣು ಮುಚ್ಚಿ ಕೇಳಿ, ಕಂಠ ಬಂಗಾರ, ಆದರೆ ಹಾಡು ಅಲ್ಲಲ್ಲಿ ಹಿಗ್ಗುತ್ತದೆ, ತಟ್ಟೆ ಹಿಗ್ಗುವುದಿಲ್ಲ, ಅದರಲ್ಲಿ ಇರುವ ಜಾಗ ಇರುವಷ್ಟೇ ಎಂದ. ಬಕ್ರೀದ್ ಮುಗಿದ ಮೇಲೆ ಮುಂಬಯಿಗೆ ಬರಲಿ, ತಬಲಾಕ್ಕೆ ನಮ್ಮವನೇ ಇದ್ದಾನೆ, ಅಲ್ಲಿಯತನಕ ತಾಳ ಹಾಕುವ ಪೆಟ್ಟಿಗೆ, ಒಂದು ಮೆಟ್ರೊನೋಮ್ ಇಟ್ಟುಕೊಂಡು ಸಾಧನೆ ಮಾಡಲಿ ಎಂದ. ಇಷ್ಟನ್ನೂ ಸಿತಾರಾಳಿಗೇ ಹೇಳಿದ. ಆಮೇಲೆ ಕಾಸಿಮಸಾಬನ ಕಡೆ ತಿರುಗಿ, ಕಾಕಾ, ಕೆಳಗೆ ಚಹಾ ಛಲೋ ಸಿಗುತ್ತದೆ, ಕುಡಿದು ಬನ್ನಿ ಎಂದು ಬಹಳ ಮಮತೆಯಿಂದ ಹೇಳಿದ. ಅವನು ಬೈದಿದ್ದರೆ ಜಗಳವಾಡಬಹುದಿತ್ತು. ಮಮತೆಯ ಜೊತೆ ಯಾರು ಜಗಳವಾಡುತ್ತಾರೆ? ಕಾಸಿಮಸಾಬ ಕೆಳಗಿಳಿದು ಹೋಗಿ ಹಮಾಲರ ನಡುವೆ ನಿಂತು ಚಹಾ ಕುಡಿದ. ಇಳಿಯುವಾಗ ಆ ಮನುಷ್ಯ ಇವನ ಕೈಗಳನ್ನು, ಬೀಗರ ಮನೆಯಲ್ಲಿ ಒಡೆದ ಗಡಿಗೆಯನ್ನು ನೋಡಿಯೂ ನೋಡದ ಹಾಗೆ, ನೋಡಿದ್ದ. ಕೈಗಳಲ್ಲಿ ಏನು ಕಂಡಿತು ಅವನಿಗೆ? ಅಂದಿನಿಂದ ಕಾಸಿಮಸಾಬ ಬೆರಳುಗಳನ್ನು ಆಗಾಗ ಮಡಚಿ ಬಿಚ್ಚಿ ನೋಡುತ್ತಿದ್ದ. ಅವು ಚೆನ್ನಾಗಿಯೇ ಇದ್ದವು.

ಪೆಟ್ಟಿಗೆ ಹುಡುಕಿಕೊಟ್ಟವನು ಕಮರಿಪೇಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವ ಅಲ್ಲಾಸಾಬ. ಒಂದು ಕೇಳಿದರೆ ಎರಡು ತಂದುಕೊಟ್ಟ. ಮರದ್ದು, ಊರು ಬಿಟ್ಟು ಹೋದ ಪಾದ್ರಿಯ ಹೆಂಡತಿಯದು. ಇನ್ನೊಂದು, ಯುದ್ಧ ಮುಗಿದು ತಮ್ಮ ದೇಶಕ್ಕೆ ಹೊರಟ ಸೋಲ್ಜರರು ಮಾರಿ ಹೋದ ಸಾಮಾನಿನಲ್ಲಿ ಸಿಕ್ಕದ್ದು: ಕರೆಂಟಿನದು. ಕರಿಯ ಡಬ್ಬಿ, ಕಡ್ಡಿಯಿಲ್ಲ, ಕೀಲಿಯಿಲ್ಲ. ಹಣೆಯ ಮೇಲೆ ಒಂದು ಕೆಂಪು ದೀಪ, ಪ್ರತಿ ಟಕ್ಕಿಗೂ ಒಮ್ಮೆ ಮಿಟುಕುತ್ತದೆ. ಎರಡನ್ನೂ ಇಟ್ಟುಕೊಂಡು ನೋಡಿ, ಒಂದನ್ನು ಉಳಿಸಿಕೊಳ್ಳಿ, ಶುಕ್ರವಾರ ಸಂಜೆ ಬಂದು ಇನ್ನೊಂದನ್ನು ಒಯ್ಯುತ್ತೇನೆ ಎಂದಿದ್ದ. ಆ ಶುಕ್ರವಾರ ಇವತ್ತೇ. ಮನೆಗೆ ಇದ್ದದ್ದು ಒಂದೇ ತಂತಿ, ನಡುಮನೆಯ ಜಂತಿಯಿಂದ ಇಳಿಬಿದ್ದ ಒಂದೇ ಬಲ್ಬು. ಕರಿಯ ಡಬ್ಬಿ ನಡೆಯಬೇಕಾದರೆ ಬಲ್ಬು ಬಿಚ್ಚಿ ಆ ಜಾಗಕ್ಕೆ ಡಬ್ಬಿಯ ತಂತಿ ಸಿಕ್ಕಿಸಬೇಕು. ನಡುಮನೆಗೆ ಕಿಟಕಿಯಿಲ್ಲ. ಅಂದರೆ ಡಬ್ಬಿ ಬೇಕಾದರೆ ಬೆಳಕು ಬಿಡಬೇಕು, ಬೆಳಕು ಬೇಕಾದರೆ ಡಬ್ಬಿ.

ಮೊದಲ ದಿನ ಸಿತಾರಾ ಮರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ತನ್ನ ಅಬ್ಬಾ ಕೂರುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ತನ್ನ ಬಲಮಗ್ಗುಲಿಗೆ ಹಾಸಿ, ಅದರ ಮೇಲೆ ಕೂರಿಸಿದ್ದಳು. ವಾದ್ಯವನ್ನು ಬರೀ ನೆಲಕ್ಕೆ ಇಡುವ ರೂಢಿ ಆ ಮನೆಯಲ್ಲಿಲ್ಲ. ಪಾದ್ರಿಯ ಹೆಂಡತಿಗೆ ಕೌದಿಯ ಚಿಂತೆ ಇರಲಿಲ್ಲ, ಕೌದಿಗೆ ಪಾದ್ರಿಯ ಹೆಂಡತಿಯ ಪರಿಚಯವಿರಲಿಲ್ಲ. ಹತ್ತಿಬಟ್ಟೆಯ ಮೆತ್ತೆಯಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡ ಪೆಟ್ಟಿಗೆ ಕುಂಟತೊಡಗಿತು. ಎಡಕ್ಕೆ ಹೋದ ಕಡ್ಡಿ ಬೇಗ ಬರುತ್ತಿತ್ತು, ಬಲಕ್ಕೆ ಹೋದದ್ದು ಅಲ್ಲೇ ತುಸು ತಡೆದು ಬರುತ್ತಿತ್ತು. ಆಶ್ಚರ್ಯವೆಂದರೆ ಸಿತಾರಾ ಅದರ ಜೊತೆ ಸಲೀಸಾಗಿ ಹಾಡಿದಳು. ಕರಿಯ ಡಬ್ಬಿಯ ಜೊತೆ ಹಾಡಹೋದರೆ, ಹಾಡೂ ತಾಳವೂ ಕೂಡಬೇಕಾದ ಸಮ್ಮಿನ ಹತ್ತಿರ ಹೊಸ್ತಿಲು ಎಡವಿದವರ ಹಾಗೆ ತಪ್ಪುತ್ತಿದ್ದಳು. ಮತ್ತೆ ಹಾಡಿ ಮತ್ತೆ ಅಲ್ಲೇ ತಪ್ಪಿದಳು. ಕೊನೆಗೆ ತಂತಿ ಬಿಚ್ಚಿಟ್ಟು ಹೇಳಿದ್ದಳು:

“ಮರದ್ದ ಇರಲಿ ಅಬ್ಬಾ. ಅದು ಕಾಯತೈತಿ. ಇದು ಕಾಯೂದಿಲ್ಲ.”

ಕಾಸಿಮಸಾಬನಿಗೆ ಆ ಮಾತು ಯಾಕೋ ಬಹಳ ಹಿತವಾಗಿತ್ತು. ಯಾಕೆಂದು ಕೆದಕಿ ನೋಡಿರಲಿಲ್ಲ. ಲಯ ಕಾಯಬೇಕು ಎಂದು ಇವಳಿಗೆ ಯಾರು ಕಲಿಸಿದರು ಎಂಬ ಪ್ರಶ್ನೆ ಅಂದೇ ಏಳಬೇಕಿತ್ತು, ಏಳಲಿಲ್ಲ.

ಈಗ, ಕಡ್ಡಿ ಹಾರಿದ್ದನ್ನು ಕಂಡ ಮೇಲೆ, ಕೌದಿಯೇ ಕಾರಣವಿರಬಹುದು ಎಂದು ಹೊಳೆಯಿತು. ಪೆಟ್ಟಿಗೆಯನ್ನು ಎತ್ತಿ ಬಾಗಿಲ ಪಕ್ಕದ ಕಡಪಾ ಕಲ್ಲಿನ ಮೇಲಿಟ್ಟ. ಕುಂಟು ಅಲ್ಲೇ ನಿಂತಿತು. ಟಕ್ಕುಗಳು ಅಕ್ಕಸಾಲಿಗನ ತೂಕದ ಹಾಗೆ ಸಮನಾದವು. ಆದರೂ ಮನಸ್ಸು ಒಪ್ಪಲಿಲ್ಲ. ಕುಂಟುವುದು ಬೇರೆ, ಹಾರುವುದು ಬೇರೆ. ಒಬ್ಬ ಕಳ್ಳನ ಮೇಲೆ ಇನ್ನೊಬ್ಬ ಕಳ್ಳನನ್ನು ಕಾವಲಿಡೋಣ ಎಂದುಕೊಂಡು, ಬಲ್ಬು ಬಿಚ್ಚಿ ಕರಿಯ ಡಬ್ಬಿಗೆ ತಂತಿ ಸಿಕ್ಕಿಸಿ, ಅದನ್ನೂ ಕಲ್ಲಿನ ಮೇಲೆ ಪಕ್ಕದಲ್ಲೇ ಇಟ್ಟ. ಕಡ್ಡಿಯ ಮೇಲಿನ ತೂಕವನ್ನು ಜಾರಿಸಿ ಜಾರಿಸಿ ಎರಡರ ನಡಿಗೆಯನ್ನೂ ಕೂಡಿಸಿದ. ನಡುಮನೆ ಕತ್ತಲಾಯಿತು, ತೆರೆದ ಬಾಗಿಲಿನ ಬೆಳಕು ಕಲ್ಲಿನ ತನಕ ಮಾತ್ರ ಬರುತ್ತಿತ್ತು. ಕಡ್ಡಿ ಎಡಕ್ಕೆ, ಕೆಂಪು ದೀಪ; ಕಡ್ಡಿ ಬಲಕ್ಕೆ, ಕೆಂಪು ದೀಪ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ. ಕಾಸಿಮಸಾಬ ಮಂಡಿ ತಬ್ಬಿಕೊಂಡು ಕೂತ. ಅವನ ತಂದೆ ಬೆಳಗಿನ ಜಾವ ಎಬ್ಬಿಸಿ ಕೂರಿಸಿ, ಬಾಯಲ್ಲಿ ತಬಲಾದ ಬೋಲು ಹೇಳುತ್ತ ಭುಜದ ಮೇಲೆ ಬೆರಳಿನಿಂದ ತಟ್ಟುತ್ತಿದ್ದ. ಆ ಬೆರಳಿನ ತೂಕ ಈಗಲೂ ಭುಜಕ್ಕೆ ಗೊತ್ತು. ಆ ಮನುಷ್ಯ ಕೆಮ್ಮು ಬಂದರೆ ಕೆಮ್ಮನ್ನೂ ತಾಳದ ಪೆಟ್ಟಿಲ್ಲದ ಖಾಲಿಯಲ್ಲಿ ಕೆಮ್ಮುತ್ತಿದ್ದ, ಸಮ್ಮಿಗೆ ಅಡ್ಡ ಬರಗೊಡುತ್ತಿರಲಿಲ್ಲ. ಅಂಥವನ ಮಗ ತಾನು. ಕಡ್ಡಿ ಬಲಕ್ಕೆ ಹೋಗಿತ್ತು, ದೀಪ ಮಿಟುಕಿತ್ತು. ಕಡ್ಡಿ ಬಲಕ್ಕೇ ಇತ್ತು, ದೀಪ ಮಿಟುಕಿದ ಬೆನ್ನಿಗೇ ಮತ್ತೆ ಮಿಟುಕಿತು. ಎರಡೂ ಒಟ್ಟಿಗೇ ಎಡವಿ, ಒಟ್ಟಿಗೇ ಎದ್ದು, ಏನೂ ಆಗದವರ ಹಾಗೆ ನಡೆದವು. ಬರಿದಾಗಿದ್ದ ಬಾಗಿಲಲ್ಲಿ ಅವನ ಹೆಂಡತಿ ಮಾಬೂಬಿ ನಿಂತಿದ್ದಳು. ಅವಳು ಬಂದದ್ದನ್ನು ಅವನು ನೋಡಿರಲಿಲ್ಲ.

ನೋಡಿದೆಯಾ ಎಂದು ಕೇಳಿದ. ಮರದ್ದೂ ಕರೆಂಟಿನದೂ ಒಂದೇ ಗಳಿಗೆಯಲ್ಲಿ ನಿಂತು ಹೊರಟವು, ಇದೇನು ಇವೆರಡಕ್ಕೂ ಒಳಒಪ್ಪಂದ ಎಂದು ನಗಲು ನೋಡಿದ. ಮಾಬೂಬಿ ನಗಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ತೀಡಿ ತೀಡಿ ಉದುರಿಸುತ್ತ ಅವನ ಮುಖವನ್ನೇ ನೋಡಿದಳು.

“ಅವು ನಿಂತಿಲ್ಲರಿ. ನೀವು ನಿಂತಿದ್ರಿ.”

ಆಮೇಲೆ ಅವಳು ಹೇಳಿದ್ದೆಲ್ಲ ಅವನಿಗೆ ಗೋಡೆಯಾಚೆಯ ಮಾತಿನ ಹಾಗೆ ಕೇಳಿಸಿತು. ಕಣ್ಣು ತೆರೆದೇ ಇರುತ್ತವೆ. ದೂರದಿಂದ ಯಾರೋ ಕರೆದರೆ ಕಿವಿಗೊಟ್ಟ ಹಾಗೆ ಕೂತುಬಿಡುತ್ತೀರಿ. ಹೆಸರು ಹಿಡಿದು ಕರೆದರೂ ಇಲ್ಲ. ಒಂದೆರಡು ಉಸಿರು ಎಳೆಯುವಷ್ಟು ಹೊತ್ತು, ಮತ್ತೆ ಬರುತ್ತೀರಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತೀರಿ. ಒಮ್ಮೆ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿಕೊಂಡಿರಿ, ಅಂದಿನಿಂದ ಕಪ್ಪನ್ನು ನಾನೇ ತೆಗೆದಿಡುತ್ತೇನೆ. ಇದು ಇವತ್ತಿನದಲ್ಲ, ಬಹಳ ದಿನದ್ದು. ಕಾಸಿಮಸಾಬ ಕೇಳಿದ್ದು ಒಂದೇ, ಸಿತಾರಾಗೆ ಗೊತ್ತೇ ಎಂದು. ಅವಳೇ ಮೊದಲು ನೋಡಿದವಳು ಎಂದಳು ಮಾಬೂಬಿ. ಹಾಗಾದರೆ ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಉತ್ತರ ಬೇಕಿರಲಿಲ್ಲ, ಆದರೂ ಅವಳು ಕೊಟ್ಟಳು.

“ಹೇಳಿದ್ರ ನೀವು ಬಾರ್ಸೂದ ಬಿಡತಿದ್ರಿ.”

ಹೊರಗೆ ಬಂದ. ಕಮರಿಪೇಟೆಯ ಓಣಿ ದಿನದ ಹಾಗೇ ಇತ್ತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ನೂಲಿಗೆ ಬಣ್ಣ ಹಾಕುವವರ ಕಡಾಯಿಗಳಿಂದ ಹಬೆ ಏಳುತ್ತಿತ್ತು. ಈಗ ಕಂಡ ಹಬೆಗೂ ಆಗ ಕಂಡ ಹಬೆಗೂ ನಡುವೆ ಏನಾದರೂ ಬಿಟ್ಟುಹೋಯಿತೇ ಎಂದು ನೋಡಿದ. ತಿಳಿಯುವ ದಾರಿಯಿರಲಿಲ್ಲ. ಬಿಟ್ಟುಹೋದದ್ದು ಬಿಟ್ಟುಹೋಗಿದೆ ಎಂದು ಯಾರು ಹೇಳಬೇಕು? ಮಸೀದಿಯ ತಿರುವಿನಲ್ಲಿ ಒಂದು ಟಾಂಗಾ ಇದ್ದಕ್ಕಿದ್ದ ಹಾಗೆ ಎದುರಿಗಿತ್ತು, ಕುದುರೆಯ ಉಸಿರು ಎದೆಗೆ ತಾಗುವಷ್ಟು ಹತ್ತಿರ. ಲಗಾಮು ಎಳೆದು ಹಿಡಿದಿದ್ದ ಉಸ್ಮಾನಸಾಬ ಬೈಯಲಿಲ್ಲ. ದಾಟರಿ ಉಸ್ತಾದರ, ಸಾವಕಾಶ ದಾಟರಿ ಎಂದ. ಎಷ್ಟು ಹೊತ್ತಿನಿಂದ ಕಾಯುತ್ತಿದ್ದನೋ. ಇವನಿಗೂ ಗೊತ್ತು. ಪಾನಿನಂಗಡಿಯವನಿಗೆ ಗೊತ್ತಿರಬೇಕು, ಮಸೀದಿಯಲ್ಲಿ ಪಕ್ಕಕ್ಕೆ ನಿಲ್ಲುವವನಿಗೆ ಗೊತ್ತಿರಬೇಕು. ಅಲ್ಲಾಸಾಬ ಎರಡು ಪೆಟ್ಟಿಗೆ ಯಾಕೆ ತಂದ? ಊರೆಲ್ಲ ಸೇರಿ ತನ್ನನ್ನು ಒಂದು ಮಗುವಿನ ಹಾಗೆ ಎತ್ತಿ ಎತ್ತಿ ದಾಟಿಸುತ್ತಿತ್ತು, ತಾನು ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದೇನೆ ಎಂದು ತಿಳಿದಿದ್ದ. ನಾಚಿಕೆಯಿಂದ ಅವನ ಕಿವಿ ಸುಟ್ಟವು.

ಹಿಂದೊಮ್ಮೆ ಧಾರವಾಡದ ವೆಂಕಣ್ಣ ವಕೀಲರ ಮನೆಯ ಹಾಡಿನ ಬೈಠಕ್ಕಿನಲ್ಲೂ ಕಿವಿ ಬಿಸಿಯಾಗಿದ್ದವು, ಅಂದು ಹೊಗಳಿಕೆಗೆ. ಜಮಖಾನೆಯ ಮೇಲೆ ಧಾರವಾಡದ ದೊಡ್ಡ ದೊಡ್ಡ ಕಿವಿಗಳೆಲ್ಲ ಕೂತಿದ್ದವು. ಸಿತಾರಾ ಏಕತಾಳದಲ್ಲಿ ನಿಧಾನ ಗತಿಯ ವಿಲಂಬಿತ ಹಾಡುತ್ತಿದ್ದಳು. ಹಾಡು ಮುಗಿದಾಗ ವೆಂಕಣ್ಣನವರು ಕಣ್ಣೊರೆಸಿಕೊಳ್ಳುತ್ತ ಕಾಸಿಮಸಾಬನ ಹತ್ತಿರ ಸರಿದು, ನಿಮ್ಮ ಮಗಳು ಸಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಒಳಗೆ ಕರೆಯುತ್ತಾಳೆ, ಆ ಒಂದು ಸ್ವರದಲ್ಲಿ ಅವಳು ನಿಂತಾಗ ನಮಗೆ ಉಸಿರಾಡಲು ಧೈರ್ಯವಾಗಲಿಲ್ಲ, ಇಂಥ ನಿಲುಗಡೆಯನ್ನು ಎಲ್ಲಿಂದ ತಂದಿರಿ ಎಂದಿದ್ದರು. ಕಾಸಿಮಸಾಬ ಕೈ ಎದೆಗಿಟ್ಟು, ಎಲ್ಲಾ ನಮ್ಮ ತಂದೆಯವರದು ಎಂದಿದ್ದ. ಯಾವ ನಿಲುಗಡೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಕೇಳಿಸಿದ್ದು ಎಂದಿನ ಹಾಗೆ ಎಳೆ ಕಡಿಯದ ತನ್ನ ತಬಲಾದ ಠೇಕಾ. ಸ್ವರ ಬಂತು, ಸಮ್ ಬಿತ್ತು, ಅಷ್ಟೇ. ಈಗ, ಮಸೀದಿಯ ವಜೂಖಾನೆಯ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿರುವಾಗ, ಅದು ಅರ್ಥವಾಯಿತು. ಕೈ ನಿಂತಿತ್ತು. ತಬಲಾ ನಿಂತಿತ್ತು. ಆ ತೆರೆದ ಬಾವಿಯ ಮೇಲೆ ಹುಡುಗಿ ಒಂದೇ ಸ್ವರವನ್ನು ಹಲಗೆಯ ಹಾಗೆ ಹಾಸಿ, ಅಬ್ಬಾ ಬರುವ ತನಕ ಉಸಿರು ಹಿಡಿದು, ಅವನು ಬಂದ ಕೂಡಲೇ ಸಮ್ಮಿಗೆ ಇಳಿದಿದ್ದಳು. ಸಭೆ ಅದನ್ನೇ ಕಲೆಯೆಂದು ಅತ್ತಿತು. ಅದು ಕಲೆಯೇ ಆಗಿತ್ತು, ಅದೇ ಸಂಕಟ. ಅವಳ ಹಾಡಿನಲ್ಲಿ ಎಲ್ಲಕ್ಕಿಂತ ಚೆಲುವಾದದ್ದು ಯಾವುದೋ, ಅದನ್ನು ಲೋಕದಲ್ಲಿ ಕೇಳದೆ ಉಳಿದವನು ಅವಳ ಪಕ್ಕದಲ್ಲೇ ಕೂತವನೊಬ್ಬನೇ. ಇನ್ನು ಮುಂದೆಯೂ ಕೇಳಲಾರ. ತಾನಿಲ್ಲದಾಗ ಮಾತ್ರ ಅದು ಇರುತ್ತದೆ. ಕಾಲಿನ ಮೇಲೆ ನೀರು ಸುರಿಯುತ್ತಲೇ ಇತ್ತು, ಪಕ್ಕದವನು ಮೆಲ್ಲಗೆ ನಲ್ಲಿ ತಿರುಗಿಸಿದ.

ನಮಾಜಿನಲ್ಲಿ ಮನಸ್ಸು ನಿಲ್ಲಲಿಲ್ಲ. ನಿಲ್ಲಬಾರದ ಕಡೆ ನಿಲ್ಲುವ ಮನಸ್ಸು ನಿಲ್ಲಬೇಕಾದ ಕಡೆ ಅಲೆಯಿತು. ಮರದ ಪೆಟ್ಟಿಗೆಯನ್ನೇ ಉಳಿಸಿಕೊಂಡರೆ ಯಾರೇನು ಅನ್ನುತ್ತಾರೆ? ಅವಳೇ ಕೇಳಿದ್ದು. ಕೌದಿಯ ಮೇಲಿಟ್ಟರೆ ಅದು ಕುಂಟುತ್ತದೆ, ಕಾಯುತ್ತದೆ, ಅವಳ ನಿಲುಗಡೆ ಉಳಿಯುತ್ತದೆ. ಆ ನಿಲುಗಡೆಯ ಜೊತೆಗೇ ಅವಳು ಮುಂಬಯಿಗೆ ಹೋಗುತ್ತಾಳೆ. ಕಂಪನಿಯ ತಬಲಜಿ ಎಲ್ಲಿಯೂ ನಿಲ್ಲುವುದಿಲ್ಲ, ಇವಳು ಅವನಿಗಾಗಿ ಅಲ್ಲಲ್ಲಿ ಕಾಯುತ್ತಾಳೆ, ತಟ್ಟೆ ಹಿಗ್ಗುವುದಿಲ್ಲ. ತಲೆ ತಗ್ಗಿಸಿಕೊಂಡು ಹಿಂದಿರುಗುತ್ತಾಳೆ. ಹಿಂದಿರುಗಿ ಬಂದು ತನ್ನ ಎಡಕ್ಕೆ ಕೂರುತ್ತಾಳೆ, ತಾನು ಕೌದಿಯ ಮೇಲೆ ಕೂರುತ್ತೇನೆ. ಇಷ್ಟು ದೂರ ಯೋಚಿಸಿದ ಮೇಲೆ ಕಾಸಿಮಸಾಬನಿಗೆ ತನ್ನ ಒಳಗಿನ ಹುಳ ಕಂಡಿತು. ಅದು ಮಗಳ ಸೋಲನ್ನು ಇಷ್ಟು ಹೊತ್ತು ಹಾಯಾಗಿ ಮೆಲ್ಲುತ್ತಿತ್ತು. ಸಜ್ದಾಕ್ಕೆ ಹಣೆ ಊರಿದವನು ಎಲ್ಲರೂ ಎದ್ದ ಮೇಲೂ ಏಳಲಿಲ್ಲ. ಹಿಂದಿನ ಸಾಲಿನವರು ಇದೂ ಅದೇ ಎಂದುಕೊಂಡಿರಬೇಕು. ಅದು ಅದಲ್ಲ, ಬರೀ ಅಳು.

ಬಿಸಿಲು ಇಳಿದ ಮೇಲೆ ಅಲ್ಲಾಸಾಬ ಬಂದ. ಕಾಸಿಮಸಾಬ ಮರದ ಪೆಟ್ಟಿಗೆಯ ಕಡ್ಡಿಯನ್ನು ಕೊಂಡಿಗೆ ಸಿಕ್ಕಿಸಿ, ಮುಚ್ಚಳ ಹಾಕಿ, ಅವನ ಕೈಗೆ ಕೊಟ್ಟ. ಒಳಗಿನಿಂದ ಬಂದ ಸಿತಾರಾ ಬೇಡ, ಅದನ್ನು ಕೊಡಬೇಡಿ, ನನಗೆ ಅದರ ಜೊತೆಗೇ ಹಾಡು ಬರುತ್ತದೆ ಎಂದಳು. ಎಂದೂ ಅಪ್ಪನ ಮಾತಿಗೆ ಎದುರಾಡದವಳು ಅಲ್ಲಾಸಾಬನ ಎದುರಿಗೇ ಎರಡು ಸಲ ಹೇಳಿದಳು. ಅಲ್ಲಾಸಾಬ ಪೆಟ್ಟಿಗೆ ಹಿಡಿದುಕೊಂಡು, ಹೊಸ್ತಿಲಾಚೆ ಹೋಗಲೋ ಬೇಡವೋ ಎಂದು ನಿಂತ. ಕಾಸಿಮಸಾಬ ಮಗಳ ಕಡೆ ತಿರುಗಲಿಲ್ಲ, ಕರಿಯ ಡಬ್ಬಿಯ ತಂತಿಯ ಸುರುಳಿ ಬಿಡಿಸುತ್ತ ಹೇಳಿದ:

“ಇದು ಯಾರ್ನೂ ಕಾಯೂದಿಲ್ಲವಾ. ನೀನೂ ಕಾಯಬ್ಯಾಡ.”

ಅವಳು ತಾಯಿಯನ್ನು ನೋಡಿದಳು. ಮಾಬೂಬಿ ಒಲೆಯ ಕಡೆ ನೋಡಿದಳು. ಅಲ್ಲಾಸಾಬ ಸಲಾಮು ಹೇಳದೆಯೇ ಹೊರಟುಹೋದ. ಸಿತಾರಾ ಬಂದು ತನ್ನ ಜಾಗದಲ್ಲಿ ಕೂತು ತಂಬೂರಿ ಎತ್ತಿಕೊಂಡಳು. ಕಾಸಿಮಸಾಬ ಬಲ್ಬು ಬಿಚ್ಚಿ ತಂತಿ ಸಿಕ್ಕಿಸಿದ. ಡಬ್ಬಿಯನ್ನು ಕಡಪಾ ಕಲ್ಲಿನ ಮೇಲಿಟ್ಟು, ತಾನು ಎದುರು ಗೋಡೆಗೆ ಹೋಗಿ ಕೂತ; ಕೇಳುವವರು ಕೂರುವ ಜಾಗ ಅದು, ಅಲ್ಲಿಂದ ಮಗಳ ಮುಖ ಕಾಣುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಈಗ ಅದು ಪ್ರತಿ ಟಕ್ಕಿಗೂ ಒಮ್ಮೆ ಕೆಂಪಗೆ ಕಂಡು, ಕತ್ತಲಾಗಿ, ಮತ್ತೆ ಕಾಣುತ್ತಿತ್ತು. ಹುಬ್ಬು, ಮೂಗುಬೊಟ್ಟು, ಒಣಗಿದ ಕೆನ್ನೆ. ಮೊದಲ ಆವರ್ತನದಲ್ಲಿ ಅವಳು ಸಮ್ಮಿನ ಹತ್ತಿರ ನಿಂತಳು. ಡಬ್ಬಿ ನಿಲ್ಲಲಿಲ್ಲ, ಹಾಡು ಮುರಿಯಿತು. ಮತ್ತೆ ಹಚ್ಚಿದಳು, ಮತ್ತೆ ನಿಂತಳು, ಮತ್ತೆ ಮುರಿಯಿತು. ಇನ್ನೊಮ್ಮೆ ಹಾಡು ಎಂದ ಕಾಸಿಮಸಾಬ. ಆ ಕಾಯುವ ಸ್ವರವನ್ನು ಅವನು ಈಗ ಮೊದಲ ಸಲ ಕೇಳಿದ್ದ, ಮುರಿದದ್ದಾದರೂ ಕೇಳಿದ್ದ. ಎಂಥ ಸ್ವರ. ಅದು ತನಗಾಗಿ ಇತ್ತು.

ಮೂರನೆಯ ಸಲ ಅವಳ ದನಿ ಬೇರೆಯಾಗಿತ್ತು. ಉಸಿರು ಗಟ್ಟಿಯಾಗಿತ್ತು. ಈ ಸಲ ನಿಲ್ಲುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಾಯಿತು, ತಬಲಜಿಗೆ ಗೊತ್ತಾಗುವ ಹಾಗೆ, ಬೆರಳ ತುದಿಯಲ್ಲಿ. ತನ್ನನ್ನು ದಾಟಿ ಅವಳು ಹೋಗುವ ಆ ಒಂದು ಗಳಿಗೆಯನ್ನು ಕೇಳಬೇಕು, ಮತ್ತೇನೂ ಬೇಡ ಎಂದು ಜೀವವನ್ನೆಲ್ಲ ಕಿವಿಗೆ ತಂದುಕೊಂಡು ಮುಂದಕ್ಕೆ ಬಾಗಿದ. ಮಾತ್ರೆಗಳು ಒಂದೊಂದೇ ಹತ್ತಿರ ಬಂದವು. ಸ್ವರ ಮೇಲೇರಿತು. ಕೆಂಪು ಬೆಳಕಿನಲ್ಲಿ ಅವಳ ಒಣ ಕೆನ್ನೆ ಕಂಡಿತು.

ಕೆಂಪು ಬೆಳಕಿನಲ್ಲಿ ಅವಳ ಕೆನ್ನೆ ಒದ್ದೆಯಾಗಿತ್ತು. ಹಾಡು ಸಮ್ಮಿನ ಆಚೆ ಇತ್ತು, ಬೇರೆ ಸಾಲಿನಲ್ಲಿತ್ತು. ತಂಬೂರಿ ಸರಿಯಾಗಿಯೇ ಮೀಟುತ್ತಿತ್ತು, ಡಬ್ಬಿ ಸರಿಯಾಗಿಯೇ ಬಡಿಯುತ್ತಿತ್ತು. ಕಾಸಿಮಸಾಬ ಬಾಗಿದವನು ಹಾಗೇ ಬಾಗಿಯೇ ಇದ್ದ. ಮಾಬೂಬಿ ಯಾವಾಗಲೋ ಬಂದು ಅವನ ಪಕ್ಕದಲ್ಲಿ ಕೂತಿದ್ದಳು.

“ನಿಂತಳೇನ?” ಎಂದು ಪಿಸುಗುಟ್ಟಿದ.

“ಇಲ್ಲರಿ,” ಎಂದಳು ಮಾಬೂಬಿ. “ನಿಲ್ಲಲಿಲ್ಲ.”

ಅವನು ಮಂಡಿಯ ಮೇಲೆ ಬೆರಳೂರಿ, ಹಾಡು ಈಗ ತಾಳದಲ್ಲಿ ಎಲ್ಲಿದೆ ಎಂದು ಹುಡುಕತೊಡಗಿದ.